ಮೈಸೂರು ಆಕಾಶವಾಣಿಯ ರೂಪಾಂತರಗಳೂ ರೈತರು ಕೇಳಬೇಕಾದ ಕ್ರಮವೂ

ಬೇಸಾಯದ ತಿಳಿವಳಿಕೆಯು ರೈತರಿಗೆ ತಲಪುವ ಮಾರ್ಗಗಳಲ್ಲಿ ರೇಡಿಯೋ ಒಂದೆಂಬುದು ಗ್ರಾಮದ ಮುಖ್ಯಸ್ಥರಿಗೂ ಭೂಮಾಲೀಕರಿಗೂ ವಿದಿತವೇ ಸರಿ. ಆದರೆ ಪ್ರಸಾರದ ರೂಪವು ಬದಲಾದಂತೆ ಅದನ್ನು ಕೇಳುವ ಕ್ರಮವೂ ಬದಲಾಗಬೇಕೆಂಬುದನ್ನು ನಾವು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಮೈಸೂರಿನ ಕೇಂದ್ರದ ಚರಿತ್ರೆಯನ್ನು ನೋಡಿದರೆ ಈ ವಿಷಯವು ಸ್ಪಷ್ಟವಾಗುವುದು.

ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರಸಾರಯಂತ್ರವನ್ನು ಸ್ಥಾಪಿಸಿ ಬಿತ್ತರಣೆಯನ್ನು ಆರಂಭಿಸಿದರು. ಒಂದು ಸಾಧಾರಣ ವಿದ್ಯುದ್ದೀಪಕ್ಕೆ ಸಾಲುವಷ್ಟೇ ಶಕ್ತಿ! ‘ಆಕಾಶವಾಣಿ’ ಎಂಬ ಹೆಸರು ಈ ಕೇಂದ್ರದಲ್ಲಿ ಬಳಕೆಗೆ ಬಂದು, ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಗೇ ಸಂದಿತು. ತರುವಾಯ 250 ವಾಟ್ ಯಂತ್ರವು ಬಂದಿತು. 1942ರಲ್ಲಿ ಸಂಸ್ಥಾನದ ಸರ್ಕಾರವೂ 1950ರಲ್ಲಿ ಕೇಂದ್ರ ಸರ್ಕಾರವೂ ಅದನ್ನು ವಹಿಸಿಕೊಂಡುವು. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಹೋಯಿತು. ಮೈಸೂರಿನಲ್ಲಿ ಪುನಃ ಪ್ರಸಾರವು ಆರಂಭವಾದುದು 1974ರಲ್ಲಿ.

ಮೊದಮೊದಲು ಸಂಗೀತವೂ ಭಾಷಣವೂ ಪ್ರಧಾನವಾಗಿದ್ದುವು. ಭಾಷಣವೆಂದರೆ ಬಲ್ಲವರು ಬರೆದುಕೊಂಡು ಬಂದು ಓದುವುದು. ಅದರಲ್ಲಿ ಒಂದು ಗುಣವುಂಟು: ಒಂದು ಸೀಮೆಯ ಎಲ್ಲ ರೈತರನ್ನೂ ಮನಸ್ಸಿನಲ್ಲಿಟ್ಟು ಅಳೆದು ಬರೆದ ಮಾತಾದ್ದರಿಂದ ಅಪಾರ್ಥಕ್ಕೆ ಎಡೆ ಕಡಿಮೆ. ಕೇಳುವವರಿಗೆ ನಿದ್ರೆ ಬರುತ್ತಿದ್ದುದೂ ಉಂಟೆನ್ನಿ. 1956ರಲ್ಲಿ ಪುಣೆಯ ಕಡೆ 150 ಹಳ್ಳಿಗಳಲ್ಲಿ ಬೇರೊಂದು ಕ್ರಮವನ್ನು ಪರೀಕ್ಷಿಸಿದರು. ಊರಿನವರು ಒಂದೆಡೆ ಕುಳಿತು ಕಾರ್ಯಕ್ರಮವನ್ನು ಕೇಳಿ, ಚರ್ಚಿಸಿ, ತಮ್ಮ ಸಂದೇಹಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದರು. 1959ರಿಂದ ಈ ಪದ್ಧತಿಯು ದೇಶದಲ್ಲೆಲ್ಲ ಹರಡಿತು. 1966ರಲ್ಲಿ ಆಕಾಶವಾಣಿಯ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳೇ ಏರ್ಪಟ್ಟುವು.

ಆ ಬಳಿಕ ಸಣ್ಣ ಟ್ರಾನ್ಸಿಸ್ಟರ್ ಪೆಟ್ಟಿಗೆಗಳು ಬಂದು, ಒಟ್ಟಿಗೆ ಕುಳಿತು ಕೇಳುವ ಪದ್ಧತಿಯು ಸಡಿಲಿತು. ಮೈಸೂರಿನ ಪ್ರಸಾರವು ಈಗ ಎಫ್.ಎಂ. ಮಾರ್ಗದಲ್ಲಿ ನಡೆಯುತ್ತಿದೆ. ಇದರ ಧ್ವನಿ ಸ್ವಚ್ಛ. ಆದರೆ ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ, ಗುಡ್ಡದ ಮರೆಯಲ್ಲಿರುವ ಹಳ್ಳಿಗಳಿಗೆ ಮಧ್ಯಮ ತರಂಗದಷ್ಟು ಸುಲಭವಾಗಿ ದೊರಕುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾರ್ಪಾಟೆಂದರೆ ದೂರವಾಣಿಯ ಮೂಲಕ ನಡೆಯುವ ಪ್ರಶ್ನೋತ್ತರ. ರೈತನು ಕೇಳುವನು, ತಜ್ಞರು ಒಡನೆಯೇ ಉತ್ತರಿಸುವರು. ಇದು ಸ್ವಾಗತಾರ್ಹವಾದುದಾದರೂ ಇಲ್ಲಿಯೇ ಒಂದು ಅಪಾಯವಿದೆ. ಆ ಉತ್ತರವು ಪ್ರಶ್ನೆ ಕೇಳಿದವನ ಗದ್ದೆಗೆ ಸಂಬಂಧಪಟ್ಟುದು. ಅದನ್ನು ಕೇಳುತ್ತಿರುವವರಾದರೋ ಸಾವಿರಾರು ಮಂದಿ. ದೃಷ್ಟಾಂತಕ್ಕೆ, ಭತ್ತದ ಎಲೆಯ ಮೇಲೆ ಕಂದು ಚುಕ್ಕೆಗಳು ಕಾಣಿಸಿದರೆ ಅದು ಬೂಷ್ಟಿನ ರೋಗವೂ ಆಗಬಹುದು, ಭೂಮಿಯಲ್ಲಿ ಸತುವಿನ ಕೊರತೆಯೂ ಆಗಬಹುದು. ಮೊದಲನೆಯದಕ್ಕೆ ರೋಗದ ಔಷಧಿ, ಎರಡನೆಯದಕ್ಕೆ ಸತುವಿನ ಸಲ್ಫೇಟು. ಕೊರತೆಯುಳ್ಳ ಗದ್ದೆಗೆ ರೋಗದ ಔಷಧಿಯನ್ನು ಹೊಡೆದರೆ ಹಣವು ಹಾಳಾಗುವುದಲ್ಲದೆ, ಪೈರು ತೆಂಡೆಯೊಡೆಯುವ ದಿನಗಳೂ ಕೈಬಿಟ್ಟು ಹೋಗುವುವು. ಒಂದು ಲೀಟರು ನೀರಿಗೆ ಹೇಳಿದ ಪ್ರಮಾಣವನ್ನು ಒಂದು ಕ್ಯಾನಿಗೆಂದು ತಿಳಿದುಕೊಂಡರಂತೂ ಕೇಳುವುದೇ ಬೇಡ.

ಆದುದರಿಂದ ಗ್ರಾಮದ ಮುಖ್ಯಸ್ಥರು ಬಿತ್ತನೆಯಿಂದ ಕಟಾವಿನವರೆಗಾದರೂ, ಕೃಷಿ ಕಾರ್ಯಕ್ರಮದ ವೇಳೆಗೆ ನಾಲ್ಕಾರು ರೈತರನ್ನು ಚಾವಡಿಯಲ್ಲಿಯೋ ಸೊಸೈಟಿಯ ಜಗಲಿಯ ಮೇಲೆಯೋ ಕೂಡಿಸುವುದು ಯುಕ್ತ. ಓದುಬರಹ ಬಲ್ಲವರೊಬ್ಬರು ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಬರೆದುಕೊಳ್ಳಲಿ. ಪ್ರಶ್ನೆ ಕೇಳುವಾಗ ತಳಿಯ ಹೆಸರು, ನಾಟಿಯಾಗಿ ಎಷ್ಟು ದಿನವಾಯಿತು, ಮಣ್ಣು ಕೆಂಪೋ ಕಪ್ಪೋ, ನೀರು ನಾಲೆಯದೋ ಕೆರೆಯದೋ, ಈವರೆಗೆ ಹಾಕಿರುವ ಗೊಬ್ಬರವೆಷ್ಟು, ಚುಕ್ಕೆಯು ಮೊದಲು ಹಳೆಯ ಎಲೆಯಲ್ಲಿ ಕಂಡಿತೋ ಹೊಸ ಎಲೆಯಲ್ಲೋ ಎಂಬಿಷ್ಟನ್ನು ತಪ್ಪದೆ ತಿಳಿಸತಕ್ಕದ್ದು. ಬೇರೊಬ್ಬರ ಪ್ರಶ್ನೆಗೆ ಬಂದ ಉತ್ತರವು ತಮ್ಮ ಪೈರಿಗೂ ಹೊಂದುವಂತೆ ತೋರಿದಲ್ಲಿ, ಔಷಧಿ ಕೊಳ್ಳುವುದಕ್ಕೆ ಮುಂಚೆ ರೋಗ ತಗಲಿದ ನಾಲ್ಕು ಎಲೆಗಳನ್ನು ಕಿತ್ತು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಿ ತೋರಿಸಬೇಕು.