ಬ್ಯಾಟರಿ ಕಿತ್ತರೂ ಬಿಚ್ಚದ ಬೀಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಹಳೇ ಲ್ಯಾಪ್‌ಟಾಪ್ ಕೊಂಡು, ವಿಂಡೋಸ್ ಹೊಸದಾಗಿ ಹಾಕಿ ವೈಫೈಗೆ ಸೇರಿಸುತ್ತೀರಿ. ಆಗ ಪರದೆಯ ಮೇಲೆ ಯಾವುದೋ ಕಂಪನಿಯ ಹೆಸರು ಮೂಡಿ, ಅಲ್ಲಿನ ಉದ್ಯೋಗಿಯ ಇಮೇಲ್, ಪಾಸ್‌ವರ್ಡ್ ಕೇಳಬಹುದು. ಡಿಸ್ಕನ್ನೇ ಬದಲಿಸಿದರೂ ಅದೇ ಪರದೆ. ದುಡ್ಡು ಕೊಟ್ಟವರು ನೀವು, ಯಂತ್ರ ಮಾತು ಕೇಳುವುದು ಮಾತ್ರ ಹಳೆಯ ಒಡೆಯರದು.

ಮೊದಲು ಹೀಗಿರಲಿಲ್ಲ. 1987ರಲ್ಲಿ ಐಬಿಎಂ ತಂದ ಪಿಎಸ್/2 ಕಂಪ್ಯೂಟರುಗಳು ಆನ್ ಮಾಡಿದೊಡನೆ ಪಾಸ್‌ವರ್ಡ್ ಕೇಳಬಲ್ಲವಾಗಿದ್ದವು. ಆದರೆ ಆ ಪಾಸ್‌ವರ್ಡ್ ಉಳಿಯುತ್ತಿದ್ದುದು ಸಣ್ಣ ಬ್ಯಾಟರಿಯ ಬಲದಿಂದ. ಬ್ಯಾಟರಿ ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ನೆನಪೂ ಹೋಗುತ್ತಿತ್ತು, ಬೀಗವೂ ಹೋಗುತ್ತಿತ್ತು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಹೊಸ್ತಿಲ ಮೇಲೇ ಇಟ್ಟಂತೆ.

ಲ್ಯಾಪ್‌ಟಾಪ್ ಬಂದ ಮೇಲೆ ಅಷ್ಟು ಸಲೀಸಾದ ಬೀಗ ಸಾಲಲಿಲ್ಲ. ಚೀಲಕ್ಕೆ ಹಾಕಿಕೊಂಡು ಹೋಗಬಹುದಾದ ವಸ್ತುವಿಗೆ ಕಳ್ಳರ ಭಯವೂ ಹೆಚ್ಚು. ಐಬಿಎಂನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಬ್ಯಾಟರಿಯ ಹಂಗಿಲ್ಲದ ಚಿಪ್ಪಿಗೆ ಸೇರಿತು. ಅದನ್ನು ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಆದರೂ ಸೋಲ್ಡರಿಂಗ್‌ನಲ್ಲಿ ಪಳಗಿದ ರಿಪೇರಿಯವರು ಹಳೆಯ ಮಾದರಿಗಳ ಚಿಪ್ಪನ್ನು ಓದಿ ಬೀಗ ತೆಗೆಯುತ್ತಿದ್ದರು. ಅಲ್ಲಿಯವರೆಗೂ ಬೀಗ ಯಂತ್ರದ ಒಳಗೇ ಇತ್ತು, ಕೈಗೆ ಎಟಕುವಂತಿತ್ತು.

ಅದನ್ನು ಯಂತ್ರದಿಂದ ಹೊರಗೆ ಕೊಂಡೊಯ್ದದ್ದು ಇಂಟರ್‌ನೆಟ್. ಕೆನಡಾದ ಆಬ್ಸಲ್ಯೂಟ್ ಸಾಫ್ಟ್‌ವೇರ್ ಕಂಪನಿಯ ಕಂಪ್ಯೂಟ್ರೇಸ್ ಎಂಬ ಪತ್ತೆದಾರಿ ತಂತ್ರಾಂಶ, ಯಂತ್ರ ಆನ್ ಆದೊಡನೆ ಮೊದಲು ಓಡುವ ಬಯಾಸ್‌ನಲ್ಲೇ ಮನೆ ಮಾಡಿಕೊಂಡು, ವಿಂಡೋಸ್ ಅಳಿಸಿ ಹಾಕಿದರೂ ಮತ್ತೆ ತಲೆ ಎತ್ತಿ ತನ್ನ ಸರ್ವರಿಗೆ ಸುದ್ದಿ ಮುಟ್ಟಿಸುವಂತಾಯಿತು. 2013ರಲ್ಲಿ ಆ್ಯಪಲ್ ಐಫೋನ್‌ಗೆ ಆ್ಯಕ್ಟಿವೇಶನ್ ಲಾಕ್ ತಂದಿತು. ಕದ್ದ ಫೋನ್ ಇನ್ನೊಬ್ಬರ ಕೈಯಲ್ಲಿ ಕೆಲಸಕ್ಕೆ ಬಾರದ ವಸ್ತುವಾಯಿತು. ಲಂಡನ್‌ನಲ್ಲಿ ಸ್ಮಾರ್ಟ್‌ಫೋನ್ ಕಳವು ಅರ್ಧಕ್ಕೆ ಇಳಿದಿದೆ ಎಂದು 2015ರಲ್ಲಿ ಅಲ್ಲಿನ ಅಧಿಕಾರಿಗಳೇ ಹೇಳಿದರು. ಬೀಗದ ಈ ಗುಣವನ್ನು ನಾವು ಮರೆಯಬಾರದು. 2019ರಲ್ಲಿ ಇದೇ ಲಾಕ್ ಟಿ2 ಚಿಪ್ ಇರುವ ಮ್ಯಾಕ್‌ಗಳಿಗೂ ಬಂತು. ಮೈಕ್ರೋಸಾಫ್ಟ್ 2017ರಲ್ಲೇ ಆಟೋಪೈಲಟ್ ಪರಿಚಯಿಸಿತ್ತು. ಯಂತ್ರದ ಹಾರ್ಡ್‌ವೇರ್ ಗುರುತನ್ನು ಕಂಪನಿ ಒಮ್ಮೆ ನೋಂದಾಯಿಸಿದರೆ, ವಿಂಡೋಸ್ ಎಷ್ಟು ಸಲ ಹಾಕಿದರೂ ಅದು ನೆಟ್ ಸಿಕ್ಕಿದೊಡನೆ ಅದೇ ಕಂಪನಿಯ ಬಾಗಿಲು ತಟ್ಟುತ್ತದೆ. ಲಿನಕ್ಸ್ ಹಾಕಿಕೊಂಡವರಿಗೆ ಆಟೋಪೈಲಟ್ ಕಾಟವಿಲ್ಲ. ಬಯಾಸ್ ಪಾಸ್‌ವರ್ಡ್ ಇದ್ದರೆ ಅದಕ್ಕೂ ಅಡ್ಡಿ.

ಕಂಪನಿಯ ಐಟಿ ವಿಭಾಗದವರಿಗೆ ಆಟೋಪೈಲಟ್ ಬೀಗ ಬಿಡಿಸುವುದು ಕೆಲವು ನಿಮಿಷಗಳ ಕೆಲಸ. ಪಟ್ಟಿಯಿಂದ ಆ ಯಂತ್ರದ ಸೀರಿಯಲ್ ನಂಬರ್ ತೆಗೆದರಾಯಿತು. ಮ್ಯಾಕ್ ಮಾರಿದವರು ಎಷ್ಟೇ ದೂರದಲ್ಲಿದ್ದರೂ ತಮ್ಮ ಐಕ್ಲೌಡ್ ಖಾತೆಯಿಂದ ಅದನ್ನು ಕಳಚಬಹುದು. ಆ ಸಣ್ಣ ಕೆಲಸ ಬಿಟ್ಟುಹೋದಾಗ ಚೆನ್ನಾಗಿರುವ ಯಂತ್ರಗಳು ಬಿಡಿಭಾಗಗಳಾಗಿ, ಕೊನೆಗೆ ಇ-ತ್ಯಾಜ್ಯವಾಗಿ ಹೋಗುತ್ತವೆ. ಮಗಳ ಓದಿಗೆಂದು ಕೂಡಿಟ್ಟ ಹಣದಲ್ಲಿ ಅಂಥದ್ದೊಂದನ್ನು ತಂದ ಮನೆಯವರ ಸಂಕಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಏಪ್ರಿಲ್ 2023ರಿಂದ ಜಾರಿಯಲ್ಲಿರುವ ನಮ್ಮ ಇ-ತ್ಯಾಜ್ಯ ನಿಯಮಗಳು ಹಳೆಯ ಯಂತ್ರಗಳನ್ನು ಸರಿಪಡಿಸಿ ಮತ್ತೆ ಬಳಸುವುದಕ್ಕೆ ಜಾಗ ಕೊಟ್ಟಿವೆ. ಬೀಗ ಬಿಡಿಸದೆ ಲಾಟ್‌ಗಟ್ಟಲೆ ಲ್ಯಾಪ್‌ಟಾಪ್ ಹರಾಜಿಗೆ ಹಾಕುವುದು ಆ ಉದ್ದೇಶವನ್ನೇ ಕೆಡಿಸುತ್ತದೆ. ಬೀಗ ಬಿಡಿಸಿಕೊಡುವುದು ಮಾರಾಟದ ಭಾಗ, ಕೊಂಡವರ ತಲೆನೋವಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಬೀಗ ಮುರಿದುಕೊಡುತ್ತೇವೆ ಎನ್ನುವವರ ಹತ್ತಿರ ಓಡಬೇಡಿ. ಬೀಗ ಬಿದ್ದಿರುವ ಯಂತ್ರ ಕಳವಿನದ್ದೂ ಆಗಿರಬಹುದು. ಕದ್ದ ಮಾಲೆಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಡಿ ಅಪರಾಧ. ಫೋನಾದರೆ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ ನಂಬರ್ ಹಾಕಿ ನೋಡಬಹುದು. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಆ ನಂಬರೇ ಇರುವುದಿಲ್ಲ.

ಆದ್ದರಿಂದ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಯಂತ್ರವನ್ನು ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ಡೆಸ್ಕ್‌ಟಾಪ್ ತೆರೆದುಕೊಳ್ಳುವವರೆಗೆ ಕೂತು ನೋಡಿ. ಬಯಾಸ್ ಒಳಗೆ ಹೋಗಲು ಪಾಸ್‌ವರ್ಡ್ ಕೇಳುತ್ತದೆಯೇ ಎಂದೂ ನೋಡಿ. ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.