ಕೂಸಿನ ತಲೆ ದೊಡ್ಡದೇ? ಮೊದಲು ಟೇಪು ಹಿಡಿಯಿರಿ

ಚೊಚ್ಚಲ ಹೆರಿಗೆ ಗಜೇಂದ್ರಗಡದ ತವರಿನಲ್ಲಿ. ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಮಗಳು ಕೂಸನ್ನೆತ್ತಿಕೊಂಡು ನರಗುಂದದ ಗಂಡನ ಮನೆಗೆ ಬರುತ್ತಾಳೆ. ನೋಡಲು ರೋಣದಿಂದ ಬಂದ ನಾದಿನಿ ಕುಲಾವಿ ಕಟ್ಟಲು ಹೋಗಿ, 'ಏನವ್ವಾ, ಕೂಸಿನ ತಲಿ ಇಷ್ಟು ದೊಡ್ಡದೈತಲ್ಲ!' ಎಂದುಬಿಟ್ಟರೆ ಆ ರಾತ್ರಿ ತಾಯಿಗೆ ನಿದ್ದೆಯಿಲ್ಲ. 'ದೊಡ್ಡ ತಲಿ ಶಾಣ್ಯಾನ ಲಕ್ಷಣ' ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎನ್ನುತ್ತಾರೆ. ಟೇಪು ತರುವವರು ಮಾತ್ರ ಕಡಿಮೆ.

ಎಳೆಗೂಸಿನ ತಲೆ ದೊಡ್ಡದಾಗಿ ಕಾಣುವುದು ಸಹಜ. ಹುಟ್ಟಿದಾಗ ತಲೆ ಮೈಯುದ್ದದ ಕಾಲು ಭಾಗವಿರುತ್ತದೆ. ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಭಾಗ. ಆದ್ದರಿಂದ ಕಣ್ಣಂದಾಜು ನೆಚ್ಚುವಂತಿಲ್ಲ. ಹುಬ್ಬಿನ ಮೇಲಿನಿಂದ, ಹಿಂದಲೆ ಹೆಚ್ಚು ಉಬ್ಬಿರುವ ಕಡೆ ಬಳಸಿ ಅಳೆಯಬೇಕು. ಎರಡು ಮೂರು ಸಲ ಅಳೆದು ದೊಡ್ಡ ಅಳತೆಯನ್ನೇ ಬರೆದುಕೊಳ್ಳಬೇಕು. ಎಳೆದೆಳೆದು ಜಗ್ಗಿಹೋದ ಹಳೆಯ ದರ್ಜಿ ಟೇಪು ಬೇಡ.

ಸಾಮಾನ್ಯವಾಗಿ ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34 ಸೆಂ.ಮೀ. ಮೊದಲ 3 ತಿಂಗಳು ತಿಂಗಳಿಗೆ 2 ಸೆಂ.ಮೀ., ಮುಂದಿನ 3 ತಿಂಗಳು 1 ಸೆಂ.ಮೀ., ಆಮೇಲೆ ಅರ್ಧದಂತೆ ಬೆಳೆದು ವರ್ಷ ತುಂಬುವಾಗ 46ರ ಸುಮಾರಿಗೆ ಬರುತ್ತದೆ.

ಶಾಲೆಯಲ್ಲಿ ನಕ್ಷೆ ಬರೆಯುವ ಮಕ್ಕಳು ಈ ಲೆಕ್ಕ ಮಾಡಿ ನೋಡಲಿ. ಒಂದು ಕೂಸು 37 ಸೆಂ.ಮೀ. ತಲೆಯೊಂದಿಗೆ ಹುಟ್ಟಿ 3 ತಿಂಗಳಿಗೆ 43 ಆಯಿತು. ಇನ್ನೊಂದು 34ರಲ್ಲಿ ಹುಟ್ಟಿ ಅದೇ 3 ತಿಂಗಳಿಗೆ ಅದೇ 43 ಮುಟ್ಟಿತು. ಎರಡೂ ತಲೆಗಳಿಗೆ ಒಂದೇ ಕುಲಾವಿ ಸರಿಹೋದೀತು. ಆದರೆ ಮೊದಲನೆಯದು ತನ್ನ ಗೆರೆಯಲ್ಲೇ ನಡೆದಿದೆ. ಎರಡನೆಯದು ಗೆರೆಗಳನ್ನು ದಾಟಿ ಓಡುತ್ತಿದೆ. ವೈದ್ಯರ ಬಳಿ ಓಡಬೇಕಾದದ್ದು ಅದನ್ನೆತ್ತಿಕೊಂಡು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ನಕ್ಷೆಯಲ್ಲಿ ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ ಇಬ್ಬರು ಮೇಲಿನ ಗೆರೆಗಿಂತ ಆಚೆ ಇರುತ್ತಾರೆ.

ತೊಡಕಿರುವುದು ಇಲ್ಲೇ. ಹುಟ್ಟಿದಾಗಿನ ಅಳತೆ ಬರೆದ ಚೀಟಿ ತವರಿನ ಟ್ರಂಕಿನಲ್ಲಿ ಉಳಿದುಬಿಡುತ್ತದೆ. ತೊಟ್ಟಿಲು ಬರುತ್ತದೆ, ಚೀಟಿ ಬರುವುದಿಲ್ಲ. ಒಂದೇ ಒಂದು ಅಳತೆಯಿಂದ ವೈದ್ಯರಾದರೂ ಏನು ಹೇಳಿಯಾರು?

ಅಪ್ಪನ ತಲೆಯನ್ನೂ ಅಳೆಯಿರಿ. ಮಗು ಚುರುಕಾಗಿದ್ದು, ಅಪ್ಪನದೋ ಅಮ್ಮನದೋ ತಲೆ ದೊಡ್ಡದಿದ್ದರೆ ಅದು ಬಹುಪಾಲು ಮನೆತನದಿಂದ ಬಂದದ್ದು. ಹಾಗೆಂದು ತೀರ್ಮಾನಿಸುವ ಕೆಲಸ ಮಾತ್ರ ವೈದ್ಯರಿಗೇ ಇರಲಿ.

ಭಯಪಡಬೇಕಾದದ್ದು ಜಲಶೀರ್ಷಕ್ಕೆ, ಅಂದರೆ ಹೈಡ್ರೋಸೆಫಾಲಸ್‌ಗೆ. ಮಿದುಳಿನೊಳಗೆ ಸದಾ ಹುಟ್ಟಿ ಇಂಗಬೇಕಾದ ದ್ರವ ದಾರಿ ಸಿಗದೆ ತುಂಬಿಕೊಳ್ಳುತ್ತದೆ; ಇನ್ನೂ ಕೂಡದ ತಲೆಬುರುಡೆ ಹಿಗ್ಗುತ್ತದೆ. ಅಳದೆ ಕುಳಿತಾಗಲೂ ನೆತ್ತಿ ಉಬ್ಬಿರುವುದು, ಕಣ್ಣುಗುಡ್ಡೆ ಕೆಳಗಿಳಿದು ಮೇಲೆ ಬಿಳುಪು ಕಾಣುವುದು, ಪದೇ ಪದೇ ವಾಂತಿ, ಮಂಪರು, ಹಾಲು ಬೇಡವೆನ್ನುವುದು, ಸೆಳವು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಹೊರಡಬೇಕು. ಬರೆ ಹಾಕಿದರೆ, ಎಣ್ಣೆ ತಿಕ್ಕಿ ತಲೆ ಒತ್ತಿದರೆ ನೀರು ಇಳಿಯದು. ಕೂಸಿಗೆ ನೋವು, ನಮಗೆ ದಿನ ನಷ್ಟ.

ರೋಣ, ಗಜೇಂದ್ರಗಡದವರಿಗೆ ಗದಗಿನ ಜಿಮ್ಸ್ ಆಸ್ಪತ್ರೆಯಿದೆ. ನರಗುಂದದವರಿಗೆ ನವಲಗುಂದದ ಮೇಲೆ ಹಾದು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನೇರ ದಾರಿ. ನೆತ್ತಿ ಮುಚ್ಚುವ ಮುನ್ನ ಅದರ ಮೂಲಕವೇ ಅಲ್ಟ್ರಾಸೌಂಡ್ ಮಾಡಿ ಮಿದುಳನ್ನು ನೋಡಬಹುದು.

ಚಿಕಿತ್ಸೆ ಹೆಚ್ಚಾಗಿ ಶಂಟ್. ತಲೆಯ ದ್ರವವನ್ನು ಚರ್ಮದಡಿಯ ಸಣ್ಣ ನಳಿಕೆ ಹೊಟ್ಟೆಗೆ ಇಳಿಸುತ್ತದೆ. ಅದರ ಕವಾಟವನ್ನು 1956ರಲ್ಲಿ ಅಮೆರಿಕದಲ್ಲಿ ರೂಪಿಸಿದ ಜಾನ್ ಹೋಲ್ಟರ್ ವೈದ್ಯನಲ್ಲ, ಯಂತ್ರದ ಕೆಲಸಗಾರ. ಅವನ ಮಗನಿಗೇ ಈ ತೊಂದರೆಯಿತ್ತು. ನಮ್ಮ ದೇಶದ ಅಗ್ಗದ ಛಾಬ್ರಾ ಶಂಟನ್ನು ಉಗಾಂಡಾದಲ್ಲಿ ದುಬಾರಿ ವಿದೇಶಿ ಶಂಟಿನೊಡನೆ ಹೋಲಿಸಿ ನೋಡಿದಾಗ, ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2005ರಲ್ಲಿ ವರದಿಯಾಯಿತು.

ಶಂಟ್ ಇರುವ ಅನೇಕ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ನಳಿಕೆ ಕಟ್ಟಿಕೊಂಡರೆ ತಲೆನೋವು, ವಾಂತಿ, ತೂಕಡಿಕೆ ಬರಬಹುದು. ತರಗತಿಯ ಗುರುಗಳಿಗೆ ಇದನ್ನು ಮೊದಲೇ ತಿಳಿಸಿಟ್ಟಿದ್ದರೆ, ಮಗು ಬೆಂಚಿನ ಮೇಲೆ ತಲೆಯಿಟ್ಟಾಗ ಅವರು ಗದರಿಸದೆ ಮನೆಗೆ ಫೋನ್ ಮಾಡುತ್ತಾರೆ.