ಹವಾಮಾನ ಕೇಂದ್ರದ ಹಳೆ ದಾಖಲೆ ಕಾಣೆಯಾದರೆ: ಹುಡುಕುವುದು ಹೇಗೆ, ತುಂಬುವುದು ಹೇಗೆ?

ಮನೆ ಮಾಳಿಗೆ ಮೇಲೋ ಹೊಲದ ಬದುವಿನಲ್ಲೋ ಸಣ್ಣ ಹವಾಮಾನ ಕೇಂದ್ರ ಇಟ್ಟುಕೊಂಡರೆ ಮಳೆ, ಗಾಳಿ, ತೇವಾಂಶ ಎಲ್ಲಾ ಮೊಬೈಲಿನಲ್ಲೇ ಸಿಗುತ್ತೆ. ಆದರೆ ಅದರ ನಿಜವಾದ ಬೆಲೆ ಇವತ್ತಿನ ಅಂಕಿಯಲ್ಲಿಲ್ಲ, ಕೂಡಿಟ್ಟ ವರ್ಷಗಳಲ್ಲಿದೆ. ಆ ವರ್ಷಗಳು ಕಾಣೆಯಾದಾಗ ಏನು ಮಾಡಬೇಕು ಅನ್ನೋದನ್ನ ಈ ವಾರ ನೋಡೋಣ.

ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹೊಲದ ಮನೆಯಲ್ಲಿ ಐದು ವರ್ಷದಿಂದ ಒಂದು ಕೇಂದ್ರವಿದೆ. ಅದರ ಲೆಕ್ಕ ಬರೆದಿಡೋದು ಒಂದು ರಾಸ್‌ಬೆರ್ರಿ ಪೈ, ಅದರೊಳಗೆ ವೀಡಬ್ಲ್ಯೂಎಕ್ಸ್ ಅನ್ನೋ ಉಚಿತ ತಂತ್ರಾಂಶ. ಮೆಮೊರಿ ಕಾರ್ಡು ಆಗಾಗ ಕೈಕೊಡಲು ಶುರುಮಾಡಿತ್ತು. ಮೇ ಕೊನೆಯಲ್ಲಿ ಅಂಗಡಿಯವರು ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಹಾಕಿಕೊಟ್ಟರು. ಮರುದಿನ ಮೊಬೈಲ್ ತೆರೆದರೆ ಗ್ರಾಫ್ ಹಿಂದಿನ ಸಂಜೆಯಿಂದ ಮಾತ್ರ ಶುರುವಾಗಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಒಂದು ತೀರ್ಮಾನ ಆಗಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿಯನ್ನು ಮಿರಗದ ಮಳೆಗೇ ಹಾಕೋದಾ, ಆರಿದ್ರಾ ತನಕ ಕಾಯೋದಾ? ಬೇಗ ಹಾಕಿ ಮೇಲೆ ಮಳೆ ತಡೆದರೆ ಎಳೆ ಸಸಿ ಒಣಗುತ್ತೆ. ಉಳಿದದ್ದಕ್ಕೆ ಥ್ರಿಪ್ಸ್ ಹತ್ತಿ ಎಲೆ ಮುಟುರಾಗುತ್ತೆ. ಮೊದಲ ಹದ ಮಳೆಯಾದ ಮೇಲೆ ಎಷ್ಟು ದಿನ ಒಣ ಹೋಗಿದೆ ಅನ್ನೋ ಐದು ವರ್ಷದ ಲೆಕ್ಕ ಬೇಕಿತ್ತು. ಹಾಗಾಗಿ ಹುಡುಕಲೇಬೇಕಾಯಿತು.

ಮೊದಲು ನಿಲ್ಲಿಸಿ, ನಕಲು ಮಾಡಿ

ದಾಖಲೆ ಕಾಣುತ್ತಿಲ್ಲ ಅಂದರೆ ಅಳಿಸಿಹೋಗಿದೆ ಅಂತ ಅರ್ಥ ಅಲ್ಲ. ಬಹಳ ಸಲ ಹಳೆ ಫೈಲು ಒಂದು ಕಡೆ ಇರುತ್ತೆ, ತಂತ್ರಾಂಶ ಇನ್ನೊಂದು ಕಡೆ ನೋಡುತ್ತಿರುತ್ತೆ. ಗಾಬರಿಯಲ್ಲಿ ಮತ್ತೆ ಇನ್‌ಸ್ಟಾಲ್ ಮಾಡೋದು, ಹಳೆ ಕಾರ್ಡ್ ಫಾರ್ಮ್ಯಾಟ್ ಮಾಡೋದು ಬೇಡ. ಮೊದಲು ತಂತ್ರಾಂಶ ನಿಲ್ಲಿಸಿ. ಹಳೆ ಕಾರ್ಡಿನಲ್ಲಿರುವ ದತ್ತಾಂಶದ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಪಕ್ಕದಲ್ಲಿ ಅದೇ ಹೆಸರಿನ, ಕೊನೆಯಲ್ಲಿ 'ಜರ್ನಲ್' ಅಥವಾ 'ವಾಲ್' ಅಂತಿರುವ ಸಣ್ಣ ಫೈಲಿದ್ದರೆ ಅದನ್ನೂ ತನ್ನಿ, ಕೊನೆಯ ಕೆಲವು ದಾಖಲೆ ಅದರಲ್ಲೇ ಇರಬಹುದು. ಮುಂದಿನ ಕೆಲಸವೆಲ್ಲ ನಕಲಿನ ಮೇಲೆ ಮಾತ್ರ.

ಫೈಲು ಎಲ್ಲಿದೆ?

ವೀಡಬ್ಲ್ಯೂಎಕ್ಸ್ ಅನ್ನು ಹಾಕುವ ವಿಧಾನ ಬದಲಾದರೆ ಅದು ದತ್ತಾಂಶ ಇಡುವ ಫೋಲ್ಡರೂ ಬದಲಾಗುತ್ತೆ. ತನ್ನ ಜಾಗದಲ್ಲಿ ಫೈಲು ಸಿಗದಿದ್ದರೆ ಸದ್ದಿಲ್ಲದೆ ಖಾಲಿ ಫೈಲೊಂದನ್ನು ಹುಟ್ಟಿಸಿ ಕೆಲಸ ಶುರುಮಾಡುತ್ತೆ. ನಮ್ಮಲ್ಲಿ ಆಗಿದ್ದೂ ಇದೇ. ಹಳೆ ಫೈಲು ಒಂದು ಫೋಲ್ಡರಿನಲ್ಲಿ ಸುರಕ್ಷಿತವಾಗಿತ್ತು, ಹೊಸ ಖಾಲಿ ಫೈಲು ಇನ್ನೊಂದರಲ್ಲಿ ತುಂಬುತ್ತಿತ್ತು.

ಸಿಕ್ಕ ಫೈಲು ಪೂರ್ತಿ ಇದೆಯಾ ಅಂತ ತಿಳಿಯಲು ಸುಲಭ ಲೆಕ್ಕ ಇದೆ. 5 ನಿಮಿಷಕ್ಕೊಂದು ದಾಖಲೆಯಾದರೆ ದಿನಕ್ಕೆ 288, ವರ್ಷಕ್ಕೆ 1,05,120. ತಿಂಗಳುವಾರು ಎಣಿಸಿ. ಎಲ್ಲಿ ಕಡಿಮೆ ಇದೆಯೋ ಅಲ್ಲೇ ನಿಜವಾದ ಕಂದಕ.

ಎರಡನ್ನೂ ಕೂಡಿಸುವಾಗ

ಎಸ್‌ಕ್ಯೂಲೈಟ್ ಫೈಲಾದರೆ ಹಳೆಯದನ್ನು ಹೊಸದರ ಜೊತೆ ತೆರೆದು ದಾಖಲೆಗಳನ್ನು ಸೇರಿಸಬಹುದು. ಆದರೆ ಎರಡು ವಿಷಯ ನೋಡಿಕೊಳ್ಳಿ.

ಒಂದು, ಕಾಲಂಗಳು. ಹಳೆ ಆವೃತ್ತಿಯ ಪಟ್ಟಿಗಿಂತ ಹೊಸದರಲ್ಲಿ ಕಾಲಂಗಳು ಜಾಸ್ತಿ. ಸಾಲನ್ನು ಇದ್ದಹಾಗೇ ಎತ್ತಿ ಹಾಕಬೇಡಿ, ಕಾಲಂ ಹೆಸರು ಹೇಳಿ ಸೇರಿಸಿ.

ಎರಡು, ಅಳತೆ. ಪ್ರತಿ ದಾಖಲೆಯಲ್ಲೂ ಒಂದು ಅಂಕಿ ಇರುತ್ತೆ: 1 ಇದ್ದರೆ ಮಳೆ ಇಂಚಿನಲ್ಲಿ, 16 ಇದ್ದರೆ ಸೆಂಟಿಮೀಟರಿನಲ್ಲಿ, 17 ಇದ್ದರೆ ಮಿಲಿಮೀಟರಿನಲ್ಲಿ. ಹಳೆಯದು 1, ಹೊಸದು 17 ಇದ್ದರೆ ಪರಿವರ್ತಿಸದೆ ಬೆರೆಸಬಾರದು. ಒಂದು ಇಂಚು ಅಂದರೆ 25.4 ಮಿ.ಮೀ. ಹಾಗೇ ಬೆರೆಸಿದರೆ ಹದ ಮಳೆಯೂ ತುಂತುರು ಹನಿಯಂತೆ ಕಾಣುತ್ತೆ.

ಕೂಡಿಸಿದ ಮೇಲೂ ಗ್ರಾಫ್ ಖಾಲಿಯೇ?

ಇಲ್ಲಿ ಬಹಳ ಜನ ಕೈಚೆಲ್ಲುತ್ತಾರೆ. ವೀಡಬ್ಲ್ಯೂಎಕ್ಸ್ ಮೂಲ ದಾಖಲೆಯ ಜೊತೆಗೆ ದಿನವಾರು ಒಟ್ಟುಗಳನ್ನು ಬೇರೆಯೇ ಇಟ್ಟುಕೊಂಡಿರುತ್ತೆ. ತಿಂಗಳು, ವರ್ಷದ ವರದಿ ಬರೋದು ಅದರಿಂದ. ಮೂಲ ದಾಖಲೆ ಸೇರಿಸಿದ ಮೇಲೆ ದಿನದ ಒಟ್ಟುಗಳನ್ನು ತೆಗೆದುಹಾಕಿ ಮತ್ತೆ ಕಟ್ಟಿಸಬೇಕು. ಆಜ್ಞೆಗಳ ಹೆಸರು 'ಡ್ರಾಪ್ ಡೈಲಿ' ಮತ್ತು 'ರೀಬಿಲ್ಡ್ ಡೈಲಿ'. ಇದರಿಂದ ಮೂಲ ದಾಖಲೆಗೆ ಏನೂ ಆಗಲ್ಲ.

ಅದಕ್ಕೂ ಮೊದಲು ಕಂಪ್ಯೂಟರಿನ ಸಮಯ ವಲಯ ಭಾರತದ್ದೇ ಇದೆಯಾ ನೋಡ್ರಿ. ದಾಖಲೆಯ ಸಮಯ ಒಳಗೆ ಜಾಗತಿಕ ಸಮಯದಲ್ಲೇ ಇರುತ್ತೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ವಲಯ ತಪ್ಪಿದ್ದರೆ ನಡುರಾತ್ರಿಯಿಂದ ಬೆಳಗಿನ 5:30ರ ತನಕ ಬಿದ್ದ ಮಳೆ ಹಿಂದಿನ ದಿನದ ಖಾತೆಗೆ ಹೋಗುತ್ತೆ.

ನಿಜವಾಗಿಯೂ ಇಲ್ಲದ ದಿನಗಳು

ಇಷ್ಟಾದ ಮೇಲೆ ನಮ್ಮ ಐದು ವರ್ಷ ವಾಪಸ್ ಬಂತು, ಹಿಂದಿನ ವರ್ಷದ ಜುಲೈನಲ್ಲಿ 11 ದಿನ ಬಿಟ್ಟು. ಕಾರ್ಡ್ ಕೈಕೊಟ್ಟ ದಿನಗಳವು. ಇಂಥ ಕಂದಕ ತುಂಬಲು ಈ ಕ್ರಮದಲ್ಲಿ ಹೋಗಿ.

1. ಯಂತ್ರದ ಸ್ವಂತ ನೆನಪು: ಡೇವಿಸ್ ವ್ಯಾಂಟೇಜ್ ಪ್ರೊ 2 ಕೇಂದ್ರದ ಲಾಗರಿನಲ್ಲಿ 2,560 ದಾಖಲೆ ಉಳಿಯುತ್ತೆ. 5 ನಿಮಿಷದ ಅಂತರವಾದರೆ ಸುಮಾರು 9 ದಿನ, 30 ನಿಮಿಷವಾದರೆ 53 ದಿನ. ತಡಮಾಡಿದರೆ ಹೊಸದು ಹಳೆಯದರ ಮೇಲೆ ಕೂರುತ್ತೆ. ನಮಗೆ ಈ ದಾರಿ ಮುಚ್ಚಿಹೋಗಿತ್ತು.

2. ಕ್ಲೌಡ್: ವೆದರ್ ಅಂಡರ್‌ಗ್ರೌಂಡಿಗೋ ಕಂಪನಿಯ ಆ್ಯಪಿಗೋ ಕಳಿಸುತ್ತಿದ್ದರೆ ಅಲ್ಲಿಂದ ಇಳಿಸಿಕೊಳ್ಳಬಹುದು. ವೆದರ್ ಅಂಡರ್‌ಗ್ರೌಂಡಿನದ್ದನ್ನೂ ಸಿಎಸ್‌ವಿ ಫೈಲನ್ನೂ ವೀಡಬ್ಲ್ಯೂಎಕ್ಸ್ ಒಳಗೆ ತೆಗೆದುಕೊಳ್ಳುತ್ತೆ.

3. ಸರ್ಕಾರದ ಮಳೆಮಾಪಕ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿದೆ, ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಅದೇ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ 92433 45433. ಒಂದು ಎಚ್ಚರ: ಸರ್ಕಾರಿ ಲೆಕ್ಕದ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರ ತನಕ. ನಿಮ್ಮದು ನಡುರಾತ್ರಿಗೆ ಬದಲಾಗುತ್ತೆ. ಎರಡನ್ನೂ ದಿನಕ್ಕೆ ದಿನ ಜೋಡಿಸಿದರೆ ತಾಳೆಯಾಗಲ್ಲ.

4. ಉಪಗ್ರಹ: ನಾಸಾ ಪವರ್ ತಾಣದಲ್ಲಿ 1981ರಿಂದ ದಿನವಾರು ಅಂಕಿ ಉಚಿತ. ಆದರೆ ಅದರ ಒಂದು ಚೌಕ ಸುಮಾರು 50 ಕಿ.ಮೀ.ಗಿಂತ ಅಗಲ. ಉಷ್ಣಾಂಶಕ್ಕೆ ಪರವಾಗಿಲ್ಲ. ಹಾವೇರಿಯಲ್ಲಿ ಸುರಿದು ಬ್ಯಾಡಗಿಯಲ್ಲಿ ಬಿಡುವ ಗುಡುಗಿನ ಮಳೆಗೆ ಅದನ್ನು ನಂಬಬೇಡಿ.

ಇಲ್ಲದ ಅಂಕಿ ಸೊನ್ನೆಯಲ್ಲ

ನಮ್ಮ 11 ದಿನಕ್ಕೆ ಕೊನೆಗೆ ನೆರವಾಗಿದ್ದು ಪಂಚಾಯಿತಿ ಮಳೆಮಾಪಕದ ಅಂಕಿ ಮತ್ತು ಅಪ್ಪನ ನೋಟ್‌ಬುಕ್. ಅಪ್ಪ ನಕ್ಷತ್ರದ ಲೆಕ್ಕದಲ್ಲಿ ಬರೆಯೋರು. ಪುನರ್ವಸು ಪುಟದಲ್ಲಿ ಕೆಲವು ಕಡೆ ಸೊನ್ನೆ, ಕೆಲವು ಕಡೆ ಗೆರೆ. ಯಾಕೆ ಅಂತ ಕೇಳಿದೆ. "ಸೊನ್ನಿ ಅಂದ್ರ ಮಳಿ ಆಗಿಲ್ಲ. ಗೆರಿ ಅಂದ್ರ ನಾ ಊರಾಗ ಇದ್ದಿಲ್ಲ," ಅಂದರು.

ಇಡೀ ವಿಷಯದ ತಿರುಳು ಇದೇ. ಕಂದಕವನ್ನು ಸೊನ್ನೆಯಿಂದ ತುಂಬಿದರೆ ಸುಳ್ಳು ಬರ ಹುಟ್ಟುತ್ತೆ. ಆ 11 ದಿನವನ್ನು ಸೊನ್ನೆ ಅಂದುಕೊಂಡಿದ್ದರೆ ನಮ್ಮ ಐದರಲ್ಲಿ ಮೂರು ವರ್ಷ ಬೇಗ ಹಾಕಿದ ಬೆಳೆಗೆ ಒಣಗಾಲ ಬಡಿದಂತೆ ಕಾಣುತ್ತಿತ್ತು. ನಿಜಕ್ಕೂ ಆ ದಿನಗಳಲ್ಲಿ ನಾಲ್ಕು ಸಲ ಮಳೆ ಬಂದಿತ್ತು. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಹೆಚ್ಚಾದರೆ ಮಳೆ ದಿನ ಅನ್ನುತ್ತೆ, ನಾಲ್ಕೂ ಅದಕ್ಕಿಂತ ಮೇಲೆ. ಐದರಲ್ಲಿ ಎರಡು ವರ್ಷ ಅಂತಾದಾಗ ಮಾತು ಬದಲಾಯಿತು. ಅರ್ಧ ಹೊಲ ಮಿರಗಕ್ಕೆ, ಅರ್ಧ ಆರಿದ್ರಾಕ್ಕೆ ಅಂತ ತೀರ್ಮಾನಿಸಿದೆವು.

ಹೊರಗಿನಿಂದ ತಂದ ಅಂಕಿಯ ಮುಂದೆ ಎಲ್ಲಿಂದ ಬಂತು ಅಂತ ಬರೆದಿಡಿ. ಏನೂ ಸಿಗದ ದಿನ ಖಾಲಿಯೇ ಇರಲಿ.

ವಿಮೆಗೆ ಇದು ನಡೆಯುತ್ತಾ?

ಹವಾಮಾನ ಆಧಾರಿತ ಬೆಳೆ ವಿಮೆ ಲೆಕ್ಕಕ್ಕೆ ಅಧಿಸೂಚಿತ ಮಾಪಕದ ಅಂಕಿಯೇ ಬೇಕು, ಮನೆ ಕೇಂದ್ರದ್ದು ನಡೆಯಲ್ಲ. ಆದರೆ ಫಸಲ್ ಬಿಮಾದಲ್ಲಿ ಆಲಿಕಲ್ಲು, ಹೊಲ ಮುಳುಗಡೆಯಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆಗ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಮಳೆ ಅಂತ ಖಚಿತವಾಗಿ ಹೇಳಲು ನಿಮ್ಮ ದಾಖಲೆ ಕೈಲಿರುತ್ತೆ.

ಇನ್ನು ಮುಂದೆ

ತಿಂಗಳಿಗೊಮ್ಮೆ ಫೈಲಿನ ನಕಲು ಪೆನ್‌ಡ್ರೈವಿಗೆ, ಇನ್ನೊಂದು ಮೊಬೈಲಿನ ಡ್ರೈವಿಗೆ. ಕಂಪ್ಯೂಟರ್ ಬದಲಿಸಿದರೆ ಹಳೆ ಕಾರ್ಡನ್ನು ಒಂದು ಹಂಗಾಮು ಮುಗಿಯೋ ತನಕ ಮುಟ್ಟಬೇಡಿ. ಯಂತ್ರ ಇಲ್ಲದೆ ಮಳೆಮಾಪಕದ ಅಂಕಿಯನ್ನು ಮೊಬೈಲ್ ಎಕ್ಸೆಲ್ಲಿನಲ್ಲಿ ಬರೆಯುವವರಿಗೂ ಇದೇ ಪಾಠ: ಫೋನ್ ಬದಲಿಸುವ ಮುನ್ನ ನಕಲು, ಅಳತೆ ಯಾವುದು ಅಂತ ತಲೆಬರಹ, ನೋಡದ ದಿನಕ್ಕೆ ಸೊನ್ನೆಯಲ್ಲ, ಗೆರೆ.